ಜಗುಲಿ: ಮನೆ ಮುಂದಿನ ಗೋಮಾಳ

ಊರಿನ ಸಾಮುದಾಯಿಕ ಆಸ್ತಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗೋಮಾಳ, ಗುಂಡುತೋಪು, ಕೆರೆಯಂಗಳ, ಹಳ್ಳದ ದಂಡೆ. ಇವುಗಳ ಒತ್ತುವರಿಯಾದಾಗ ತಹಸೀಲ್ದಾರರಿಗೆ ಅರ್ಜಿ ಕೊಡುತ್ತೇವೆ, ಪಹಣಿ ತೆಗೆಸುತ್ತೇವೆ, ಸರ್ವೆಗೆ ಒತ್ತಾಯಿಸುತ್ತೇವೆ. ಗೋಮಾಳಕ್ಕೆ ಕಾನೂನಿನ ಬೆಂಬಲವೂ ಇದೆ. ಪ್ರತಿ ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಹುಲ್ಲುಗಾವಲನ್ನು ಕಾದಿರಿಸಬೇಕೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ದನ ಮೇಯಲು ಎಷ್ಟು ನೆಲ ಬೇಕೆಂದು ಲೆಕ್ಕ ಹಾಕಿದ ನಾಡಿನಲ್ಲಿ, ಮನುಷ್ಯರು ಸಂಜೆಯ ಹೊತ್ತು ಕೂತು ನಾಲ್ಕು ಮಾತಾಡಲು ಎಷ್ಟು ನೆಲ ಬೇಕೆಂಬ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ. ಏಕೆಂದರೆ ಆ ನೆಲವನ್ನು ಎಂದೂ ಸರ್ಕಾರ ಕೊಟ್ಟದ್ದಲ್ಲ. ಮನೆ ಕಟ್ಟುವವರೇ ತಮ್ಮ ಜಾಗದಲ್ಲಿ ಎರಡು ಮೂರು ಮೊಳವನ್ನು ಬೀದಿಗೆಂದು ಬಿಟ್ಟುಕೊಡುತ್ತಿದ್ದರು. ಅದರ ಹೆಸರು ಜಗುಲಿ.

ಪತ್ರದ ಪ್ರಕಾರ ಜಗುಲಿ ಮನೆಯವರದು. ಬಳಕೆಯ ಪ್ರಕಾರ ಬೀದಿಯದು. ಕರೆಯದೆ ಬಂದು ಕೂರಬಹುದಾದ, ಹೇಳದೆ ಎದ್ದು ಹೋಗಬಹುದಾದ ತಾವು ಅದು. ಹೊಸ್ತಿಲು ದಾಟಿ ಒಳಗೆ ಬಂದವರು ನೆಂಟರು. ಅವರಿಗೆ ಕಾಫಿಯಾಗಬೇಕು, ಉಪಚಾರವಾಗಬೇಕು. ಜಗುಲಿಯಲ್ಲಿ ಕೂತವರಿಗೆ ಒಂದು ಚೊಂಬು ನೀರು ಸಾಕು, ಅದೂ ಕೇಳಿದರೆ. ಇಷ್ಟು ಹಗುರವಾದ ಸಂಬಂಧಕ್ಕೆ ಎಡೆ ಮಾಡಿಕೊಡುವ ಇನ್ನೊಂದು ಜಾಗವನ್ನು ನಾವು ಇನ್ನೂ ಕಟ್ಟಿಕೊಂಡಿಲ್ಲ. ಈ ಸಂಚಿಕೆಯಲ್ಲಿ ಓದುಗ ಮಿತ್ರರ ಮುಂದೆ ಇಡಬಯಸುವ ಮಾತು ಇಷ್ಟೇ: ಜಗುಲಿಯು ಊರಿನ ಅತಿ ಚಿಕ್ಕ ಸಾಮುದಾಯಿಕ ನೆಲ. ಅದು ಅಳಿದರೆ ಕೆರೆ, ನದಿ, ಮರಗಳನ್ನು ಕಾಯುವ ಕಣ್ಣುಗಳೂ ಅಳಿಯುತ್ತವೆ. ಅದನ್ನು ಮರಳಿ ಕಟ್ಟಬೇಕು. ಆದರೆ ಹಳೆಯ ಜಗುಲಿ ಯಾರನ್ನು ಅಂಗಳದಲ್ಲೇ ನಿಲ್ಲಿಸಿತ್ತೋ ಅವರೂ ಸಮನಾಗಿ ಕೂರುವ ಹಾಗೆ ಕಟ್ಟಬೇಕು.

ಗುಡ್ಡಗಾಡಿನ ಪತ್ರಿಕೆಯೊಂದು ಬಯಲಿನ ಊರುಗಳ ಜಗುಲಿಯ ಬಗ್ಗೆ ಬರೆಯುವುದೇಕೆಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಗುಡ್ಡಗಳ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅನುಸರಿಸಿ ನಡೆದರೆ ಉತ್ತರ ಸಿಗುತ್ತದೆ. ವಯನಾಡಿನಲ್ಲಿ ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ ಕಬಿನಿಯಾಗುತ್ತವೆ. ಹೆಗ್ಗಡದೇವನಕೋಟೆಯ ಬೀಚನಹಳ್ಳಿಯ ಅಣೆಕಟ್ಟೆಯನ್ನು ದಾಟಿದ ಆ ನೀರು ನಂಜನಗೂಡಿನಲ್ಲಿ ಕಪಿಲೆಯೆಂದು ಕರೆಸಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಗುಡ್ಡದಿಂದ ಕೆಳಗಿಳಿದದ್ದು ನೀರೊಂದೇ ಅಲ್ಲ. ಮನೆಯ ಕಂಬ, ತೊಲೆಗಳಿಗೆ ಬೇಕಾದ ಮರ, ಬಿದಿರು ಇಳಿದವು. ಇಂದು ಜಲ್ಲಿ, ಎಂ-ಸ್ಯಾಂಡ್‌ಗಾಗಿ ಗುಡ್ಡದ ಕಲ್ಲೂ ಇಳಿಯುತ್ತಿದೆ. ಕೆಳಗಿನ ಊರು ಹೇಗೆ ಮನೆ ಕಟ್ಟುತ್ತದೆ ಎಂಬುದರ ಮೇಲೆ ಮೇಲಿನ ಗುಡ್ಡದ ಆಯುಷ್ಯ ನಿಂತಿದೆ.

ಇನ್ನೊಂದು ಕಾರಣವೂ ಇದೆ. ನಮ್ಮ ಚಳವಳಿಗಳು ಬೆಳೆದದ್ದು ಸಭಾಭವನಗಳಲ್ಲಿ ಅಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿಕೊಂಡಾಗ, ಆ ನಡಿಗೆಗೆ ಮುಂಚೆ ಊರಿನೊಳಗೆ ಮಾತು ಹದಗೊಂಡಿತ್ತು. ಯಾವ ಕೂಪಿನಲ್ಲಿ ಕಡಿತಲೆ ಶುರುವಾಗಿದೆ, ಯಾವ ಹಳ್ಳ ಬತ್ತಿದೆ ಎಂಬ ಸುದ್ದಿಗಳು ಒಬ್ಬರಿಂದೊಬ್ಬರಿಗೆ ದಾಟಿ, ಎಲ್ಲರ ಚಿಂತೆಯಾಗಿ, ಕೊನೆಗೆ ಎಲ್ಲರ ತೀರ್ಮಾನವಾದ ಮೇಲೆ ಅಪ್ಪಿಕೋ ಹುಟ್ಟಿತು. ಮಾತು ಹಾಗೆ ಹದಗೊಳ್ಳುವುದಕ್ಕೆ ಜನರಿಗೆ ಕೂರುವ ತಾವು ಬೇಕು.

ಈಗ ಕಪಿಲೆಯ ದಂಡೆಗೆ ಬರೋಣ. ನಂಜನಗೂಡಿನ ಹಳೆಯ ಬೀದಿಗಳಲ್ಲಿ, ನರಸೀಪುರ ತಾಲ್ಲೂಕಿನ ಸೋಸಲೆ, ಮೂಗೂರು, ತಲಕಾಡು, ಬನ್ನೂರುಗಳ ಕಡೆ ಉಳಿದಿರುವ ಹಳೆಯ ಮನೆಗಳನ್ನು ನೋಡಿದರೆ ಅವುಗಳ ರಚನೆಯಲ್ಲಿ ಒಂದು ಕ್ರಮ ಕಾಣುತ್ತದೆ. ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಮರದ ಕಂಬಗಳ ಸಾಲು, ಕಂಬಗಳ ತಲೆಯ ಮೇಲೆ ಬೋದಿಗೆ, ತೊಲೆ, ಅಲ್ಲಿಂದ ಬೀದಿಯ ಕಡೆಗೆ ಇಳಿದ ಹೆಂಚಿನ ಮಾಡು. ನೆಲಕ್ಕೆ ಗಾರೆ ಅಥವಾ ಕಲ್ಲುಚಪ್ಪಡಿ. ಬಾಗಿಲ ಇಕ್ಕೆಲದಲ್ಲಿ ದೀಪದ ಗೂಡು. ಕಟ್ಟೆ ಎತ್ತರವಾಗಿರುವುದರಿಂದ ಮಳೆಯ ನೀರು ಒಳಗೆ ನುಗ್ಗುವುದಿಲ್ಲ. ಮಾಡು ಮುಂದಕ್ಕೆ ಚಾಚಿರುವುದರಿಂದ ಮಣ್ಣಿನ ಗೋಡೆಗೆ ಇರಚಲು ಬಡಿಯುವುದಿಲ್ಲ, ಬಿಸಿಲೂ ನೇರವಾಗಿ ತಾಗುವುದಿಲ್ಲ. ಗೋಡೆ ನೆರಳಿನಲ್ಲಿದ್ದರೆ ಒಳಮನೆ ತಂಪಾಗಿರುತ್ತದೆ. ಮುಂಬಾಗಿಲು ತೆರೆದರೆ ಜಗುಲಿಯ ತಣ್ಣನೆಯ ಗಾಳಿ ಒಳಗೆ ಬಂದು ತೊಟ್ಟಿಯ ಮೂಲಕ ಮೇಲೇರುತ್ತದೆ. ವಿದ್ಯುತ್ತಿನ ಒಂದು ಯೂನಿಟ್ಟನ್ನೂ ಬೇಡದ ವ್ಯವಸ್ಥೆ ಇದು. ಸೂರಿನ ಸಂದಿನಲ್ಲಿ ಗುಬ್ಬಚ್ಚಿಯ ಗೂಡಿಗೂ ಜಾಗವಿರುತ್ತಿತ್ತು.

ಜನ ಕೂರುವುದಕ್ಕಾಗಿಯೇ ಅಡಿಪಾಯವನ್ನು ಅಗಲವಾಗಿ ಕಟ್ಟುವ ಬುದ್ಧಿ ಈ ಸೀಮೆಗೆ ಹೊಸದಲ್ಲ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 13ನೇ ಶತಮಾನದ ಕೇಶವ ದೇವಾಲಯ ಎತ್ತರದ ಜಗತಿಯ ಮೇಲೆ ನಿಂತಿದೆ. ಸುತ್ತ ಕಂಬಸಾಲುಗಳ ಕೈಸಾಲೆಯಿದೆ. 2023ರಲ್ಲಿ ಯುನೆಸ್ಕೋ ಅದನ್ನು ಬೇಲೂರು, ಹಳೇಬೀಡುಗಳ ಜೊತೆಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಶಿಲ್ಪವನ್ನು ನೋಡಲು ಬಂದವರು ಜಗತಿಯ ಮೇಲೆ ಒಂದು ಸುತ್ತು ಬಂದು, ಕೈಸಾಲೆಯ ನೆರಳಿನಲ್ಲಿ ತುಸು ಹೊತ್ತು ಕೂತೇ ಹೋಗುತ್ತಾರೆ. ದೇವಾಲಯಕ್ಕೆ ರಾಜಾಶ್ರಯ ಮಾಡಿದ ಆ ಏರ್ಪಾಡನ್ನು ಹಳ್ಳಿಯ ರೈತ ಮಣ್ಣಿನಲ್ಲಿ, ಮರದಲ್ಲಿ, ತನ್ನ ಶಕ್ತಿಯಿದ್ದಷ್ಟು ಮಾಡಿಕೊಂಡಿದ್ದ.

ಜಗುಲಿಯ ದಿನಚರಿಯನ್ನು ಗಮನಿಸಿದರೆ ಅದೊಂದೇ ಜಾಗವನ್ನು ಎಷ್ಟು ಜನ ಹಂಚಿಕೊಳ್ಳುತ್ತಿದ್ದರೆಂದು ತಿಳಿಯುತ್ತದೆ. ಬೆಳಗ್ಗೆ ಎಳೆಬಿಸಿಲಿಗೆ ಬೆನ್ನೊಡ್ಡಿ ಕೂರುವ ಹಿರಿಯರು. ಒಂದೇ ಪತ್ರಿಕೆಯ ಹಾಳೆಗಳನ್ನು ಬಿಡಿಸಿ ಹಂಚಿಕೊಂಡು ಓದುವವರು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಹೆಂಗಸರ ಸರದಿ: ಅಕ್ಕಿಯಲ್ಲಿ ಕಲ್ಲು ಆರಿಸುವುದು, ಹೂ ಕಟ್ಟುವುದು, ಮಗುವಿನ ತಲೆ ಬಾಚುವುದು. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಸೊಗಡು ಅವರೆಯ ಕಾಲ. ಮೊರದ ತುಂಬ ಕಾಯಿ ಇಟ್ಟುಕೊಂಡು ಕೂತರೆ ಪಕ್ಕದ ಮನೆಯವರೂ ಕೈ ಹಾಕುತ್ತಿದ್ದರು. ಸಂಜೆ ಮಕ್ಕಳ ಮಗ್ಗಿ, ಅಳಿಗುಳಿಮಣೆ. ರಾತ್ರಿ ಹೊಲಗದ್ದೆಯಿಂದ ಬಂದ ಗಂಡಸರ ಮಾತು: ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಬಾಳೆಗೆ ಯಾವ ರೋಗ ಬಿದ್ದಿದೆ, ಯಾರ ಎತ್ತು ಮಾರಾಟಕ್ಕಿದೆ. ಯಾವ ಹೊತ್ತು ಯಾರದೆಂದು ಯಾರೂ ಬರೆದಿಡಲಿಲ್ಲ. ಆದರೂ ಜಗಳವಿಲ್ಲದೆ ನಡೆಯುತ್ತಿತ್ತು.

ದೂರದವರಿಗೂ ಅಲ್ಲಿ ಪಾಲಿತ್ತು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಯ ದಿನ ಐದು ತೇರುಗಳು ರಥಬೀದಿಯಲ್ಲಿ ಸಾಗುವಾಗ, ನೋಡಲು ಬಂದವರಿಗೆ ಬೀದಿಯ ಜಗುಲಿಗಳೇ ಆಸನ, ರಾತ್ರಿಯಾದರೆ ಅವೇ ಹಾಸಿಗೆ. ಶಿವರಾತ್ರಿಗೂ ದೀಪಾವಳಿಗೂ ಕಾಲ್ನಡಿಗೆಯಲ್ಲಿ ಮಲೆ ಮಹದೇಶ್ವರನ ಬೆಟ್ಟಕ್ಕೆ ಹೊರಟ ಪರಸೆಯವರು ದಾರಿಯ ಊರುಗಳಲ್ಲಿ ಗಂಟು ಇಳಿಸುತ್ತಿದ್ದದ್ದು ಇಂಥ ಕಟ್ಟೆಗಳ ಮೇಲೆ. ಕಂಸಾಳೆಯವರು ಮಹದೇಶ್ವರನ ಕಥೆಯನ್ನು, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವಾಗ ಕೇಳುಗರು ಜಗುಲಿಯಲ್ಲಿ, ಅಂಗಳದಲ್ಲಿ ತುಂಬಿರುತ್ತಿದ್ದರು. ಓದು ಬಾರದ ಜನರ ನೆನಪಿನಲ್ಲಿ ಸಾವಿರಾರು ಸಾಲುಗಳ ಕಾವ್ಯಗಳು ಉಳಿದು ಬಂದುದರಲ್ಲಿ ಆ ಕೂಟಗಳ ಪಾಲು ದೊಡ್ಡದು.

ಮನೆಯನ್ನು ಊರಿಗೆ ತೆರೆದಿಡುವ ಈ ಪದ್ಧತಿಯಿಂದ ಅಕ್ಷರಕ್ಕೂ ಉಪಕಾರವಾಯಿತು. ನಂಜನಗೂಡು ತಿರುಮಲಾಂಬ (1887–1982) ಬಾಲ್ಯದಲ್ಲೇ ವಿಧವೆಯಾದವರು. ಹೊರಗೆ ಹೋಗಿ ಕಲಿಯುವ, ಕಲಿಸುವ ದಾರಿ ಇಲ್ಲದ ಕಾಲದಲ್ಲಿ ಅವರು ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ ಪುಸ್ತಕ ಪ್ರಕಟಿಸಿದರು. ಮನೆಗೂ ಲೋಕಕ್ಕೂ ನಡುವಿನ ಗಡಿಯನ್ನು ಸ್ವಲ್ಪ ಸರಿಸಿದರೆ ಏನಾಗಬಹುದೆಂಬುದಕ್ಕೆ ಅವರ ಬದುಕೇ ನಿದರ್ಶನ. ನೂರು ವರ್ಷಗಳ ತರುವಾಯ ಸರ್ಕಾರಕ್ಕೂ ಜಗುಲಿಯ ನೆನಪಾಯಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಯೋಜನೆಯನ್ನು ಆರಂಭಿಸಿತು. ಮೊಬೈಲ್ ಇಲ್ಲದ ಮಕ್ಕಳ ಬಳಿಗೆ ಮೇಷ್ಟರುಗಳೇ ಹೋಗಿ ಮರದಡಿ, ಗುಡಿಯ ಅಂಗಳ, ಮನೆಗಳ ಜಗುಲಿಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2021ರ ಜನವರಿಯಲ್ಲಿ ಶಾಲೆಯ ಆವರಣದಲ್ಲಿ ಮತ್ತೆ ಆರಂಭವಾಯಿತು. ಆದರೆ ಆ ಕೆಲವು ವಾರಗಳು ಒಂದು ಸಂಗತಿಯನ್ನು ತೋರಿಸಿಕೊಟ್ಟವು: ಕಟ್ಟಡಗಳ ಬಾಗಿಲು ಮುಚ್ಚಿದ ದಿನ ಊರಿಗೆ ಒದಗುವುದು ಬಾಗಿಲ ಹೊರಗಿನ ಜಾಗ. ಜಗುಲಿ ಉಳಿಸಿಕೊಂಡಿದ್ದ ಬೀದಿಗೆ ಶಾಲೆ ಬಂತು. ಉಳಿಸಿಕೊಳ್ಳದ ಬೀದಿಯಲ್ಲಿ ಮೇಷ್ಟರು ಜಾಗ ಹುಡುಕಬೇಕಾಯಿತು.

ಪರಿಸರದ ಕಾವಲಿಗೂ ಜಗುಲಿಗೂ ಇರುವ ನಂಟು ಇಲ್ಲಿಯೇ ಇದೆ. 2018, 2019ರ ಮಳೆಗಾಲಗಳಲ್ಲಿ ಕಬಿನಿ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೇ ನೀರು ಹರಿದು ಮೈಸೂರಿನ ಸಂಚಾರ ಕಡಿದುಹೋಯಿತು. ಅಲ್ಲಿಯ ಜನ ಹೊಳೆಯ ಏರಿಕೆಯನ್ನು ಅಳೆಯುವುದು ಸ್ನಾನಘಟ್ಟದ ಹದಿನಾರು ಕಾಲು ಮಂಟಪವನ್ನು ನೋಡಿ. ಮಂಟಪದ ಕಂಬ ಎಷ್ಟು ಮುಳುಗಿದರೆ ಯಾವ ಬೀದಿಗೆ ನೀರು ಬರುತ್ತದೆ, ಯಾವ ಮನೆಯ ಯಾವ ಮೆಟ್ಟಿಲವರೆಗೆ ಏರುತ್ತದೆ ಎಂಬ ತಿಳಿವಳಿಕೆ ಯಾವ ಇಲಾಖೆಯ ಕಡತದಲ್ಲೂ ಇಲ್ಲದಷ್ಟು ನಿಖರವಾಗಿ ಹಿರಿಯರ ಮಾತಿನಲ್ಲಿರುತ್ತದೆ. ಆ ಮಾತು ಕಿರಿಯರಿಗೆ ದಾಟುವುದಕ್ಕೆ ಇಬ್ಬರೂ ಒಂದೆಡೆ ಕೂರಬೇಕು. ಚರಂಡಿ ಕಟ್ಟಿದ್ದು, ನಲ್ಲಿಯಲ್ಲಿ ಬಣ್ಣದ ನೀರು ಬಂದದ್ದು, ರಾತ್ರಿ ಮರಳಿನ ಲಾರಿ ಹೋದದ್ದು, ಹೊಂಗೆಯ ಮರಕ್ಕೆ ಯಾರೋ ಕೊಡಲಿ ತಂದದ್ದು ಮೊದಲು ಕಣ್ಣಿಗೆ ಬೀಳುವುದು ಬೀದಿಯ ಕಡೆ ಮುಖ ಮಾಡಿ ಕೂತವರಿಗೆ. ಎತ್ತರದ ಕಾಂಪೌಂಡಿನ ಹಿಂದೆ, ಟಿವಿಯ ಕಡೆ ಮುಖ ಮಾಡಿ ಕೂತವರಿಗೆ ಅದು ಮರುದಿನದ ಸುದ್ದಿ, ಅದೂ ಸುದ್ದಿಯಾದರೆ.

ಇಂಥ ಜಗುಲಿ ಹೋದದ್ದು ಹೇಗೆ? ಟಿವಿ ಬಂತು, ಮೊಬೈಲ್ ಬಂತು, ಜನರ ಮನಸ್ಸು ಕೆಟ್ಟಿತು ಎಂದು ಹೇಳಿ ಮುಗಿಸುವುದು ಸುಲಭ. ಕಾರಣಗಳು ಅದಕ್ಕಿಂತ ಗಟ್ಟಿಯಾಗಿವೆ. ಅವುಗಳಲ್ಲಿ ಹೆಚ್ಚಿನವು ಸಿಮೆಂಟು, ಡಾಂಬರು, ಅಳತೆಗೋಲುಗಳಲ್ಲಿವೆ. ಮೊದಲನೆಯದು ರಸ್ತೆ. ಪಟ್ಟಣಗಳಲ್ಲಿ ರಸ್ತೆ ಅಗಲವಾಗಬೇಕಾದಾಗ ಮೊದಲು ಒಡೆಯುವುದು ಜಗುಲಿಯನ್ನು; ದಾಖಲೆಯ ಕಣ್ಣಿಗೆ ಅದು ಒತ್ತುವರಿ. ಅಗಲವಾಗದ ಬೀದಿಯಲ್ಲೂ ರಸ್ತೆ ಎತ್ತರವಾಗುತ್ತದೆ. ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕುತ್ತ ಹೋದರೆ ಮೊಣಕಾಲೆತ್ತರದ ಜಗುಲಿ ಹತ್ತಿಪ್ಪತ್ತು ವರ್ಷಗಳಲ್ಲಿ ರಸ್ತೆಯ ಮಟ್ಟಕ್ಕೆ ಬರುತ್ತದೆ. ಆಮೇಲೆ ಮಳೆನೀರು, ದೂಳು, ವಾಹನದ ಹೊಗೆ ಎಲ್ಲವೂ ನೇರವಾಗಿ ಅದರ ಮೇಲೆ. ಮನೆಯವರು ಬೇರೆ ದಾರಿ ಕಾಣದೆ ಗೋಡೆ ಎಬ್ಬಿಸುತ್ತಾರೆ.

ಎರಡನೆಯದು ನಿವೇಶನ. ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತರ ಸೈಟುಗಳಲ್ಲಿ ಮುಂದೆ ಬಿಡಬೇಕಾದ ಜಾಗ ಕಾರಿಗೋ ಬೈಕಿಗೋ ಹೋಗುತ್ತದೆ. ಮನುಷ್ಯರು ಕೂರುವ ಜಾಗಕ್ಕೆ ಸಿಕ್ಕದ ಆದ್ಯತೆ ವಾಹನ ನಿಲ್ಲುವ ಜಾಗಕ್ಕೆ ಸಿಕ್ಕಿದೆ. ಮೂರನೆಯದು ವಸತಿ ಯೋಜನೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಯ ಕನಿಷ್ಠ ಅಳತೆ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್. ಹಿಂದಿನ 20 ಚದರ ಮೀಟರಿಗಿಂತ ಇದು ಉತ್ತಮವೇ. ಆದರೆ ಬಡವರ ಬದುಕಿನ ಅರ್ಧ ಭಾಗ ನಡೆಯುವುದು ಮನೆಯ ಹೊರಗೆ ಎಂಬ ಅರಿವು ಈ ಲೆಕ್ಕದಲ್ಲಿ ಇಲ್ಲ. ಗೋಡೆಗಳ ನಡುವಿನ ನೆಲವನ್ನಷ್ಟೇ ಅಳೆದು ಅನುದಾನ ಕೊಟ್ಟರೆ ಜಗುಲಿಗೆ ಹಣ ಉಳಿಯುವುದಿಲ್ಲ. ಚದರವಾದ ನಾಲ್ಕು ಗೋಡೆ, ಮೇಲೊಂದು ಕಾಂಕ್ರೀಟ್ ತಾರಸಿ: ಏಪ್ರಿಲ್ ತಿಂಗಳಿನಲ್ಲಿ ಅದರೊಳಗೆ ಮಧ್ಯಾಹ್ನ ಕೂರಲಾಗದು, ಹೊರಗೆ ಕೂರಲು ನೆರಳಿಲ್ಲ.

ಸೆಖೆಯ ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕಾಗಿದೆ, ಏಕೆಂದರೆ ಅದು ಬರೀ ಅನುಕೂಲದ ಪ್ರಶ್ನೆಯಾಗಿ ಉಳಿದಿಲ್ಲ. 1995ರ ಜುಲೈನಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಎರಿಕ್ ಕ್ಲೈನೆನ್‌ಬರ್ಗ್ ಎಂಬ ಸಮಾಜವಿಜ್ಞಾನಿ ಆ ಸಾವುಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪುಸ್ತಕ ಬರೆದರು. ಬಡತನದಲ್ಲಿ ಹೆಚ್ಚು ವ್ಯತ್ಯಾಸವಿಲ್ಲದ, ಪಕ್ಕಪಕ್ಕದಲ್ಲೇ ಇದ್ದ ಎರಡು ಬಡಾವಣೆಗಳಲ್ಲಿ ಸಾವಿನ ಪ್ರಮಾಣ ಬಹಳ ಬೇರೆಯಾಗಿತ್ತು. ಬೀದಿಯಲ್ಲಿ ಅಂಗಡಿ, ಜನಸಂಚಾರ, ನೆರೆಹೊರೆಯ ಒಡನಾಟ ಉಳಿದಿದ್ದ ಕಡೆ ವೃದ್ಧರು ಮನೆಯಿಂದ ಹೊರಗೆ ಬಂದರು, ಇತರರ ಕಣ್ಣಿಗೆ ಬಿದ್ದರು, ಬದುಕಿದರು. ಬೀದಿ ಪಾಳುಬಿದ್ದಿದ್ದ ಕಡೆ ಒಂಟಿ ವೃದ್ಧರು ಬಾಗಿಲು ಹಾಕಿಕೊಂಡು ಒಳಗೇ ಸತ್ತರು. ಹವಾಮಾನ ಬದಲಾವಣೆಯ ಬಗ್ಗೆ ಮಾತಾಡುವಾಗ ನಾವು ಮರ, ಕೆರೆ, ಸೌರಶಕ್ತಿಗಳ ಲೆಕ್ಕ ಕೊಡುತ್ತೇವೆ. ಎದುರುಮನೆಯ ಅಜ್ಜಿ ಇಂದು ಹೊರಗೆ ಬಂದು ಕೂರಲಿಲ್ಲವಲ್ಲ ಎಂದು ಗಮನಿಸುವ ನೆರೆಯೂ ಆ ಲೆಕ್ಕಕ್ಕೆ ಸೇರಬೇಕು. ಮಕ್ಕಳು ಬೆಂಗಳೂರು, ಮೈಸೂರು ಸೇರಿ ವೃದ್ಧರಷ್ಟೇ ಉಳಿದ ಮನೆಗಳು ಹೆಚ್ಚುತ್ತಿರುವ ನಮ್ಮ ಊರುಗಳಿಗೆ ಇದು ದೂರದ ಕಥೆಯಲ್ಲ.

ಹೊಳೆಗೂ ಇದರ ಹೊರೆ ಬಿದ್ದಿದೆ. ಮಣ್ಣು, ಮರ, ಹೆಂಚಿನ ಮನೆ ಹೋಗಿ ಕಾಂಕ್ರೀಟಿನ ಮನೆ, ಕಾಂಕ್ರೀಟಿನ ಕಾಂಪೌಂಡು ಬಂದಂತೆ ಮರಳಿನ ಹಸಿವು ಬೆಳೆಯಿತು. ಕಪಿಲೆ, ಕಾವೇರಿಯ ಒಡಲಿಂದ ನರಸೀಪುರ ತಾಲ್ಲೂಕಿನಲ್ಲಿ ಅಕ್ರಮವಾಗಿ ಮರಳು ಎತ್ತಿದ ಕಥೆಯನ್ನು ಓದುಗರು ಬಲ್ಲರು. ಹೊಳೆಯ ಮರಳಿಗೆ ನಿರ್ಬಂಧ ಬಂದ ಮೇಲೆ ಆ ಹಸಿವು ಗುಡ್ಡದ ಕಡೆ ತಿರುಗಿ ಕಲ್ಲನ್ನು ಪುಡಿ ಮಾಡಲು ಹತ್ತಿತು. ನೆರೆಯವರ ಕಣ್ಣು ತಪ್ಪಿಸಲು ಎಬ್ಬಿಸಿದ ಗೋಡೆಗೂ ಯಾವುದೋ ಗುಡ್ಡ ಕರಗಿದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಸತ್ಯವನ್ನು ಹೇಳದೆ ಈ ಸಂಪಾದಕೀಯ ಮುಗಿಯಲಾರದು. ಹಳೆಯ ಜಗುಲಿ ಎಲ್ಲರಿಗೂ ಸೇರಿರಲಿಲ್ಲ. ಮೇಲಿನ ಕೇರಿಯ ಜಗುಲಿಯ ಮೇಲೆ ದಲಿತರು ಕೂರುವಂತಿರಲಿಲ್ಲ. ದುಡಿದು ಬಂದವರು ಕೂಲಿಗಾಗಿ ಅಂಗಳದಲ್ಲಿ ನಿಂತು ಕಾಯುತ್ತಿದ್ದರು. ಜಗುಲಿಯ ಮೇಲಿಂದ ಎತ್ತಿ ಹೊಯ್ದ ನೀರನ್ನು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ಮೊಣಕಾಲೆತ್ತರದ ಆ ಕಟ್ಟೆ ಮಳೆನೀರನ್ನು ತಡೆದಂತೆ ಮನುಷ್ಯರನ್ನೂ ತಡೆಯುತ್ತಿತ್ತು. ಮನೆಯ ಹೆಂಗಸರಿಗೂ ಅದು ದಿನದ ಕೆಲವು ಗಳಿಗೆಗೆ ಮಾತ್ರ ಸಿಕ್ಕ ಜಾಗ. ಗಂಡಸರು ಬಂದು ಕೂತರೆ ಅವರು ಒಳಗೆ ಸರಿಯಬೇಕಿತ್ತು.

ನಂಜನಗೂಡು ತಾಲ್ಲೂಕು ಈ ನೋವನ್ನು ಚೆನ್ನಾಗಿ ಬಲ್ಲದು. ಇದೇ ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಈ ಸೀಮೆಯ ಆಡುನುಡಿಯಲ್ಲೇ ಬರೆದ ‘ಕುಸುಮಬಾಲೆ’ ಜಾತಿಯ ಗೆರೆ ದಾಟಿದ ಪ್ರೀತಿ ತೆತ್ತ ಬೆಲೆಯನ್ನು ಹೇಳಿತು. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಸಂದಿತು. ಖಾದಿ ನೂಲಿಗೆ ಹೆಸರಾದ ಬದನವಾಳಿನಲ್ಲಿ 1993ರ ಮಾರ್ಚ್‌ನಲ್ಲಿ, ದೇವಾಲಯ ಪ್ರವೇಶದ ವಿವಾದದ ಹಿನ್ನೆಲೆಯಲ್ಲಿ, ಮೂವರು ದಲಿತರ ಕೊಲೆಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದು, ಊರಿನ ತೀರ್ಮಾನಗಳನ್ನು ಊರಿನ ಎಲ್ಲರೂ ಸೇರಿ ಮಾಡಬೇಕೆಂದು ಗ್ರಾಮಸಭೆಗೆ ಅಧಿಕಾರ ಕೊಟ್ಟಿತು. ಒಂದೇ ಜಗುಲಿಯಲ್ಲಿ ಕೂರಲಾಗದವರು ಒಂದೇ ಸಭೆಯಲ್ಲಿ ಕೂತು ಏನನ್ನು ತೀರ್ಮಾನಿಸಬಲ್ಲರು? 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆದದ್ದೂ ಇದೇ ಬದನವಾಳಿನಲ್ಲಿ. ಸರಳ ಬದುಕಿನ ಮಾತನ್ನು ಆ ಗಾಯವಿದ್ದ ನೆಲದಲ್ಲೇ ಆಡಬೇಕಾಗಿ ಬಂದದ್ದು ನಮ್ಮಂಥ ಪರಿಸರದವರಿಗೆಲ್ಲ ಪಾಠವಾಗಬೇಕು. ಹಳ್ಳಿಯ ಹಳೆಯ ಬದುಕನ್ನು ಹೊಗಳುವವರು ಆ ಬದುಕಿನ ಲೆಕ್ಕಪತ್ರವನ್ನು ಪೂರ್ತಿ ಓದಬೇಕು.

ಕಾನೂನಿನ ಕೈ ಇಲ್ಲಿ ತಲುಪುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಅಂಗಡಿ, ಹೋಟೆಲುಗಳನ್ನು ಎಲ್ಲರಿಗೂ ತೆರೆಯಿತು. ಜಗುಲಿ ಮಾತ್ರ ಖಾಸಗಿ ಆಸ್ತಿ. ಅಲ್ಲಿ ಯಾರನ್ನು ಕೂರಿಸಬೇಕೆಂಬುದು ಮನೆಯವರ ಮರ್ಜಿ. ಹೀಗಾಗಿ ಜಗುಲಿಯನ್ನು ಮರಳಿ ಕಟ್ಟುವ ಕೆಲಸಕ್ಕೆ ಎರಡು ಕಾಲುಗಳಿರಬೇಕು. ಮನೆಯ ಜಗುಲಿಯನ್ನು ಮನೆಯವರು ಮನಸ್ಸು ಮಾಡಿ ತೆರೆಯಬೇಕು. ಯಾರ ಮರ್ಜಿಗೂ ಒಳಪಡದ ಸಾರ್ವಜನಿಕ ಜಗುಲಿಯನ್ನು ಊರು ತಾನೇ ಕಟ್ಟಬೇಕು.

ಇದಕ್ಕೆ ತಳಹದಿ ಆಗಲೇ ಇದೆ. ಹಳ್ಳಿಯ ಹಾಲಿನ ಡೈರಿಯ ಮುಂದೆ ಬೆಳಗ್ಗೆ, ಸಂಜೆ ಎಲ್ಲ ಕೇರಿಯವರೂ ಕ್ಯಾನು ಹಿಡಿದು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಂದೇ ಪಾತ್ರೆಗೆ ಎಲ್ಲರ ಹಾಲೂ ಬೀಳುತ್ತದೆ. ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಬಸ್ಸು ನಿಲ್ಲುವ ಜಾಗ ಇವೂ ಹಾಗೆಯೇ. ಆದರೆ ಹೆಚ್ಚಿನ ಕಡೆ ಅಲ್ಲಿ ನಿಲ್ಲಲು ಮಾತ್ರ ಜಾಗವಿದೆ, ಕೂರಲು ಇಲ್ಲ. ನಿಂತವರು ಕೆಲಸ ಮುಗಿದೊಡನೆ ಹೊರಟುಬಿಡುತ್ತಾರೆ. ಕೂತವರು ಮಾತಿಗೆ ತೊಡಗುತ್ತಾರೆ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ನಡೆದು ಬಂದಿರುವ ಕುಂಭಮೇಳಕ್ಕೆ 2025ರ ಫೆಬ್ರುವರಿಯಲ್ಲೂ ಅಪಾರ ಜನ ಸೇರಿದರು. ಮೂರು ದಿನಗಳ ಆ ಕೂಟಕ್ಕೆ ಚಪ್ಪರ, ಸೇತುವೆ, ದೀಪ ಎಲ್ಲವನ್ನೂ ಒದಗಿಸಬಲ್ಲ ಆಡಳಿತಕ್ಕೆ, ಉಳಿದ ದಿನಗಳ ಸಣ್ಣ ಕೂಟಗಳಿಗೆ ನೆರಳು, ಕಟ್ಟೆ ಒದಗಿಸುವುದು ಹೊರೆಯಾಗಲಾರದು.

ಆದ್ದರಿಂದ ನಮ್ಮ ಒತ್ತಾಯಗಳು ಹೀಗಿವೆ. ಊರೊಳಗಿನ ಬೀದಿಗೆ ಹೊಸ ಡಾಂಬರು, ಕಾಂಕ್ರೀಟು ಹಾಕುವ ಮುನ್ನ ಹಳೆಯ ಪದರವನ್ನು ತೆಗೆದು ಬೀದಿಯ ಮಟ್ಟ ಏರದಂತೆ ಕಾಯಬೇಕು. ಈ ಷರತ್ತು ಪುರಸಭೆ, ನಗರಸಭೆ, ಪಂಚಾಯಿತಿಗಳ ಟೆಂಡರಿನಲ್ಲೇ ಇರಬೇಕು. ವಸತಿ ಯೋಜನೆಯ ಮನೆಗಳಿಗೆ ಕನಿಷ್ಠ ಅಳತೆಯ ಆಚೆಗೆ, ಮಾಡಿಳಿಸಿದ ಜಗುಲಿಯೊಂದಕ್ಕೆ ಪ್ರತ್ಯೇಕ ಅನುದಾನ ಕೊಡಬೇಕು. ಅದನ್ನು ಸ್ಥಳೀಯ ಮಣ್ಣಿನ ಇಟ್ಟಿಗೆ, ಹೆಂಚುಗಳಿಂದ ಕಟ್ಟಲು ಅವಕಾಶವಿರಬೇಕು. ಡೈರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಅರಿವು ಕೇಂದ್ರ ಹೀಗೆ ಸಾರ್ವಜನಿಕರ ಹಣದಲ್ಲಿ ಕಟ್ಟುವ ಪ್ರತಿಯೊಂದು ಕಟ್ಟಡಕ್ಕೂ ಬೀದಿಯ ಕಡೆ ಮುಖ ಮಾಡಿದ, ನೆರಳು ಮತ್ತು ಕುಡಿಯುವ ನೀರು ಇರುವ, ಬೀಗ ಹಾಕಲಾಗದ ಜಗುಲಿ ಇರಬೇಕು. ಅಂಥ ಮೊದಲ ಜಗುಲಿಗಳು ಊರಿನ ಯಾವ ಭಾಗದಲ್ಲಿ ಬರಬೇಕೆಂಬುದನ್ನು ಈವರೆಗೆ ಅಂಗಳದಲ್ಲಿ ನಿಂತವರ ಕೇರಿಯನ್ನು ಕೇಳಿ ತೀರ್ಮಾನಿಸಬೇಕು.

ಸರ್ಕಾರಕ್ಕಾಗಿ ಕಾಯಬೇಕಿಲ್ಲದ ಕೆಲಸಗಳೂ ಇವೆ. ಹೊಸ ಮನೆ ಕಟ್ಟುತ್ತಿರುವ ಗೆಳೆಯರು ಕಾಂಪೌಂಡಿನ ಹೊರಮೈಗೆ ಎರಡಡಿ ಅಗಲದ ಕಲ್ಲುಬೆಂಚನ್ನಾದರೂ ಸೇರಿಸಬಹುದು, ಅದರ ಪಕ್ಕ ಹೊಂಗೆಯದೋ ಬೇವಿನದೋ ಸಸಿ ನೆಡಬಹುದು. ಹಳೆಯ ಜಗುಲಿ ಉಳಿಸಿಕೊಂಡವರು ಅದಕ್ಕೆ ಹಾಕಿದ ಕಬ್ಬಿಣದ ಜಾಲರಿಯನ್ನು ಹಗಲು ಹೊತ್ತಾದರೂ ತೆರೆದಿಡಬಹುದು. ಪರಿಸರದ ಬಳಗಗಳು ತಮ್ಮ ತಿಂಗಳ ಸಭೆಯನ್ನು ಸಭಾಂಗಣ ಬಿಟ್ಟು ಜಗುಲಿಗಳಿಗೆ ತರಬೇಕು: ಈ ತಿಂಗಳು ಒಂದು ಕೇರಿಯಲ್ಲಿ, ಮುಂದಿನ ತಿಂಗಳು ಇನ್ನೊಂದರಲ್ಲಿ. ದಲಿತ ಕೇರಿಯ ಜಗುಲಿಗೆ ಮೇಲಿನ ಕೇರಿಯವರು ಬಂದು ಕೂತು ಅಲ್ಲಿಯ ನೀರು ಕುಡಿದು ಮಾತಾಡಿದ ದಿನ, ಮೇಲಿನ ಕೇರಿಯ ಜಗುಲಿಯೂ ನಿಜವಾಗಿ ಸಾಮುದಾಯಿಕವಾಗತೊಡಗುತ್ತದೆ. ಹೆಂಗಸರು ಒಳಗೆ ಸರಿಯದೆ ಕೂತು ಮಾತು ಮುಂದುವರಿಸಿದ ಸಭೆಯನ್ನೇ ಸಭೆಯೆಂದು ನಾವು ವರದಿಯಲ್ಲಿ ಬರೆಯೋಣ.

ಗೋಮಾಳ ಉಳಿಯಬೇಕಾದರೆ ಅದರಲ್ಲಿ ದನ ಮೇಯಬೇಕು. ಬಳಸದ ಗೋಮಾಳ ಬೇಗ ಒತ್ತುವರಿಯಾಗುತ್ತದೆ. ಜಗುಲಿಗೂ ಇದೇ ನಿಯಮ. ಮುಂದಿನ ಮಳೆಗಾಲಕ್ಕೆ ಕಪಿಲೆ ಮತ್ತೆ ತುಂಬಿ ಬರುವ ಮುನ್ನ, ನಿಮ್ಮ ಬೀದಿಯಲ್ಲಿ ಎಷ್ಟು ಜಗುಲಿಗಳು ಉಳಿದಿವೆ, ಅವುಗಳಲ್ಲಿ ಯಾರು ಯಾರು ಕೂರುತ್ತಾರೆ, ಯಾರು ಇನ್ನೂ ನಿಂತೇ ಇದ್ದಾರೆ ಎಂದು ನೋಡಿ ನಮಗೆ ಬರೆಯಿರಿ. ಆ ಪತ್ರಗಳನ್ನು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.